ಕೊರಳಿಗೆ ಬಿದ್ದ ಶಲ್ಯ: ಚುನಾವಣಾ ಪ್ರಚಾರ ಸಾಮಗ್ರಿ ಮತ್ತು ನಮ್ಮ ಮನಸ್ಸು (ಪದೇ ಪದೇ ಕೇಳುವ ಪ್ರಶ್ನೆಗಳು)

ದಾವಣಗೆರೆಯಲ್ಲಿ ನಮ್ಮ ಅಪ್ಪನದು ಬಟ್ಟೆಯ ಮೇಲೆ ಸ್ಕ್ರೀನ್ ಪ್ರಿಂಟಿಂಗ್ ಮಾಡುವ ಅಂಗಡಿ. ಚುನಾವಣೆ ಬಂತೆಂದರೆ ನಡುಮನೆಯಲ್ಲೂ ಹಗ್ಗ ಕಟ್ಟಿ, ಎಲ್ಲ ಪಕ್ಷಗಳ ಶಲ್ಯಗಳನ್ನು ಒಂದೇ ಸಾಲಿನಲ್ಲಿ ಒಣಹಾಕುತ್ತಿದ್ದೆವು. ಅವುಗಳ ಕೆಳಗೆ ಕೂತು ಓದಿಕೊಂಡ ಹುಡುಗ ಮುಂದೆ ಮನಃಶಾಸ್ತ್ರದ ಮೇಷ್ಟ್ರಾದೆ. ಕ್ಲಾಸಿನಲ್ಲಿ ಹುಡುಗರು, ಮಂಡಕ್ಕಿ-ಮಿರ್ಚಿ ಅಂಗಡಿಯಲ್ಲಿ ಗೆಳೆಯರು, ಹಬ್ಬಕ್ಕೆ ಬಂದ ನೆಂಟರು, ಪತ್ರ ಬರೆಯುವ ಹಳೆಯ ವಿದ್ಯಾರ್ಥಿಗಳು ಈ ವಿಷಯದಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟು ಉತ್ತರಿಸಿದ್ದೇನೆ.

ಮೊದಲ ಪ್ರಶ್ನೆಗಳು

ಪ್ರಚಾರ ಸಾಮಗ್ರಿ ಅಂದ್ರೆ ಏನೇನು ಸಾರ್? ಫ್ಲೆಕ್ಸೂ ಅದೇ, ಕುಕ್ಕರೂ ಅದೇನಾ?

ಮನಸ್ಸಿನ ದೃಷ್ಟಿಯಿಂದ ಇವು ಬೇರೆ ಬೇರೆ. ಫ್ಲೆಕ್ಸು, ಬಂಟಿಂಗ್ಸು ಬೀದಿಯಲ್ಲಿರುತ್ತವೆ, ನಾವು ಬರೀ ನೋಡುತ್ತೇವೆ. ಶಲ್ಯ, ಟೋಪಿ, ಬ್ಯಾಡ್ಜು ನಮ್ಮ ಮೈಮೇಲೆ ಬರುತ್ತವೆ. ಆಗ ನೋಡುತ್ತಿದ್ದವರು ತೋರಿಸುವವರಾಗುತ್ತೇವೆ. ಬಾಗಿಲ ಸ್ಟಿಕ್ಕರು, ಕ್ಯಾಲೆಂಡರು, ಕೀ ಬಂಚು ಮನೆಯೊಳಗೆ ಸೇರಿ ತಿಂಗಳುಗಟ್ಟಲೆ ಕಣ್ಣಿಗೆ ಬೀಳುತ್ತವೆ. ಕುಕ್ಕರು, ಸೀರೆ ಇವು ಪ್ರಚಾರ ಸಾಮಗ್ರಿಯೇ ಅಲ್ಲ, ಆಮಿಷ. ಕಾನೂನೂ ಹಾಗೇ ನೋಡುತ್ತದೆ, ಮನಸ್ಸೂ ಹಾಗೇ ಸ್ವೀಕರಿಸುತ್ತದೆ.

ಒಂದು ಶಲ್ಯ, ಒಂದು ಬಾವುಟ ನೋಡಿ ಯಾರಾದ್ರೂ ವೋಟು ಬದಲಿಸ್ತಾರೇನ್ರೀ?

ನೋಡಿದವರು ಬದಲಿಸುವುದು ಬಹಳ ಕಡಿಮೆ. ಅಮೆರಿಕದಲ್ಲಿ ಮನೆಯಂಗಳದಲ್ಲಿ ನೆಡುವ ಪ್ರಚಾರ ಹಲಗೆಗಳ ಬಗ್ಗೆ ಡೊನಾಲ್ಡ್ ಗ್ರೀನ್ ಮತ್ತು ಸಂಗಡಿಗರು ನಾಲ್ಕು ಚುನಾವಣೆಗಳಲ್ಲಿ ಪ್ರಯೋಗ ಮಾಡಿದರು. ಕೆಲವು ಮತಗಟ್ಟೆ ಪ್ರದೇಶಗಳನ್ನು ಚೀಟಿ ಎತ್ತಿದಂತೆ ಆರಿಸಿ ಅಲ್ಲಿ ಮಾತ್ರ ಹಲಗೆ ನೆಟ್ಟರು, ಉಳಿದ ಕಡೆ ಬಿಟ್ಟರು. 2016ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮತಪಾಲಿನಲ್ಲಿ ಸಿಕ್ಕ ಲಾಭ ಸರಾಸರಿ 1.7 ಶೇಕಡಾ ಅಂಶ ಮಾತ್ರ, ಅಂದರೆ ನೂರು ಮತಗಳಲ್ಲಿ ಎರಡಕ್ಕೂ ಕಡಿಮೆ.

ಅಷ್ಟೇನಾ ಅನ್ನಬೇಡಿ. 2004ರಲ್ಲಿ ಸಂತೇಮರಹಳ್ಳಿ ಕ್ಷೇತ್ರ ಒಂದೇ ಮತದಿಂದ ತೀರ್ಮಾನವಾಯಿತು, 2023ರಲ್ಲಿ ಬೆಂಗಳೂರಿನ ಜಯನಗರ 16 ಮತಗಳಿಂದ. ಅಂಥ ಕಡೆ ಸಣ್ಣ ಲಾಭವೂ ದೊಡ್ಡದೇ. ಆದರೆ ಈ ಸಾಮಗ್ರಿಯ ನಿಜವಾದ ಕೆಲಸ ಬೇರೆ ಕಡೆ ಇದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಶಲ್ಯ ನೋಡುವವರಿಗಿಂತ ಹೊದ್ದವರನ್ನೇ ಹೆಚ್ಚು ಬದಲಿಸುತ್ತದೆ. ಮುಂದಿನ ಉತ್ತರಗಳಲ್ಲಿ ಅದನ್ನೇ ಬಿಡಿಸಿ ಹೇಳುತ್ತೇನೆ.

ಇದನ್ನೆಲ್ಲ ಮೊದಲು ಶುರು ಮಾಡಿದ್ದು ಯಾರು?

1789ರಲ್ಲಿ ಜಾರ್ಜ್ ವಾಷಿಂಗ್ಟನ್ ಅಧಿಕಾರ ವಹಿಸಿಕೊಂಡಾಗ ಅವರ ಹೆಸರಿನ ಮೊದಲಕ್ಷರ ಒತ್ತಿದ ಲೋಹದ ಗುಂಡಿಗಳನ್ನು ಜನ ಕೋಟಿಗೆ ಹೊಲಿಸಿಕೊಂಡಿದ್ದರು. 1860ರಲ್ಲಿ ಲಿಂಕನ್ ಫೋಟೊ ಇರುವ ಪದಕಗಳು ಬಂದವು. ಪಿನ್ನು ಚುಚ್ಚಿಕೊಳ್ಳುವ ಈಗಿನ ಥರದ ಬ್ಯಾಡ್ಜು ಅಗ್ಗವಾಗಿ, ರಾಶಿ ರಾಶಿಯಾಗಿ ತಯಾರಾಗಿದ್ದು 1896ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ.

ನಮ್ಮ ದೇಶದಲ್ಲಿ ಈ ಕೆಲಸ ಮಾಡಿದ್ದು ಖಾದಿ ಮತ್ತು ಗಾಂಧಿ ಟೋಪಿ. ಅಸಹಕಾರ ಚಳವಳಿಯ ದಿನಗಳಲ್ಲಿ ಬಿಳಿ ಟೋಪಿ ಇಟ್ಟು ಕಚೇರಿಗೋ ಶಾಲೆಗೋ ಹೋಗುವುದಕ್ಕೆ ಧೈರ್ಯ ಬೇಕಿತ್ತು. ಇಟ್ಟವನಿಗೆ ನಷ್ಟವಿತ್ತು, ಅದಕ್ಕೇ ಅದಕ್ಕೆ ಬೆಲೆ ಬಂತು.

ನಮ್ಮಜ್ಜಿ ಈಗಲೂ ‘ಹಸು-ಕರು’ ಅಂತಾಳೆ. ಗುರುತು ಇಷ್ಟು ಆಳಕ್ಕೆ ಇಳಿಯೋದು ಹೆಂಗೆ?

1951-52ರ ಮೊದಲ ಮಹಾಚುನಾವಣೆಯಲ್ಲಿ ಬಹುಪಾಲು ಮತದಾರರಿಗೆ ಓದು ಬರುತ್ತಿರಲಿಲ್ಲ. ಪ್ರತಿ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಜೋಡೆತ್ತೋ ದೀಪವೋ ಗುಡಿಸಲೋ ಇರುತ್ತಿತ್ತು, ಮತಪತ್ರವನ್ನು ಬೇಕಾದ ಪೆಟ್ಟಿಗೆಗೆ ಹಾಕಿದರಾಯಿತು. ಗುರುತುಗಳನ್ನು ಆರಿಸಿದ್ದೇ ಮನೆ, ಹೊಲ, ಹಟ್ಟಿಯಿಂದ. ಕಾಂಗ್ರೆಸ್ಸು ಒಡೆದ ಮೇಲೆ 1971ರಲ್ಲಿ ಇಂದಿರಾ ಗಾಂಧಿಯವರ ಬಣಕ್ಕೆ ಹಸು-ಕರು ಸಿಕ್ಕಿತು. ‘ಕೈ’ ಬಂದಿದ್ದು 1978ರಲ್ಲಿ. ಜನತಾ ಪಕ್ಷದ್ದು ನೇಗಿಲು ಹೊತ್ತ ರೈತ.

ನಿಮ್ಮಜ್ಜಿ ಮೊದಲ ಸಲ ಯಾರ ಹಂಗೂ ಇಲ್ಲದೆ ತಾನೇ ಆರಿಸಿ ಮುದ್ರೆ ಒತ್ತಿದ್ದು ಆ ಹಸು-ಕರುವಿನ ಮೇಲೇ ಇರಬಹುದು. ಹಾಗಿದ್ದರೆ ಅವರಿಗೆ ಅದು ಪಕ್ಷದ ಗುರುತಿಗಿಂತ ಹೆಚ್ಚಾಗಿ ತನ್ನದೇ ತೀರ್ಮಾನದ ನೆನಪು. ಮರೆಯದಿರುವುದು ಸಹಜ.

ಮನಸ್ಸಿನೊಳಗೆ ನಡೆಯುವುದು

ಗೆಳೆಯ ಹಾಕಿದ ಅಂತ ಸುಮ್ನೆ ಶಲ್ಯ ಹಾಕ್ಕಂಡೆ. ಈಗ ಆ ಪಕ್ಷದ ಪರ ನಾನೇ ಜಗಳ ಆಡ್ತಿದೀನಿ. ಏನಾಯ್ತು ನಂಗೆ?

ಒಬ್ಬ ವಿದ್ಯಾರ್ಥಿ ಇದನ್ನು ಕೇಳುವಾಗ ಅವನ ಮುಖದಲ್ಲಿ ನಿಜವಾದ ಗಾಬರಿಯಿತ್ತು. ಅವನಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ.

1966ರಲ್ಲಿ ಜೊನಾಥನ್ ಫ್ರೀಡ್‌ಮನ್ ಮತ್ತು ಸ್ಕಾಟ್ ಫ್ರೇಸರ್ ಕ್ಯಾಲಿಫೋರ್ನಿಯಾದಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಮನೆಮನೆಗೆ ಹೋಗಿ, ‘ಎಚ್ಚರದಿಂದ ವಾಹನ ಓಡಿಸಿ’ ಎಂಬ ದೊಡ್ಡ, ಅಂದಗೆಟ್ಟ ಹಲಗೆಯನ್ನು ನಿಮ್ಮ ಅಂಗಳದಲ್ಲಿ ನೆಡಲೇ ಎಂದು ಕೇಳಿದರೆ ಒಪ್ಪಿದವರು ಶೇ. 17ರಷ್ಟು. ಇನ್ನೊಂದು ಗುಂಪಿನ ಹತ್ತಿರ ಎರಡು ವಾರ ಮುಂಚೆಯೇ ಹೋಗಿ, ಅದೇ ವಿಷಯದ ಮೂರಂಗುಲದ ಪುಟ್ಟ ಚೀಟಿಯನ್ನು ಕಿಟಕಿಗೆ ಅಂಟಿಸಿಕೊಳ್ಳಿ ಎಂದಿದ್ದರು. ಅಷ್ಟು ಸಣ್ಣದಕ್ಕೆ ಯಾರು ಬೇಡ ಅನ್ನುತ್ತಾರೆ? ಆ ಗುಂಪಿನಲ್ಲಿ ದೊಡ್ಡ ಹಲಗೆಗೆ ಒಪ್ಪಿದವರು ಶೇ. 76.

ಪುಟ್ಟ ಚೀಟಿ ಅಂಟಿಸಿದ ಮೇಲೆ ಅವರು ತಮ್ಮನ್ನು ತಾವು ನೋಡಿಕೊಂಡ ಬಗೆಯೇ ಬದಲಾಗಿತ್ತು. ‘ನಾನು ಇಂಥ ಕೆಲಸಕ್ಕೆ ಮುಂದೆ ಬರುವವನು’ ಎಂಬ ಭಾವ ಕೂತಿತ್ತು. ನಾವು ಮೊದಲು ನಂಬಿ ಆಮೇಲೆ ನಡೆಯುತ್ತೇವೆ ಅಂದುಕೊಂಡಿರುತ್ತೇವೆ. ಎಷ್ಟೋ ಸಲ ಮೊದಲು ನಡೆದು, ಆಮೇಲೆ ನಮ್ಮ ನಡೆಯನ್ನೇ ನೋಡಿ ‘ಓ, ನನ್ನ ನಂಬಿಕೆ ಇದೇ ಇರಬೇಕು’ ಎಂದು ತಿಳಿಯುತ್ತೇವೆ. ಡ್ಯಾರಿಲ್ ಬೆಮ್ ಎಂಬ ಮನಃಶಾಸ್ತ್ರಜ್ಞ ಇದನ್ನೇ ಸಿದ್ಧಾಂತವಾಗಿ ಬೆಳೆಸಿದರು.

ಶಲ್ಯದಲ್ಲಿ ಇನ್ನೂ ಒಂದು ಇದೆ. ಊರಿನವರು ನೋಡಿದ್ದಾರೆ, ಫೋಟೊ ತೆಗೆದಿದ್ದಾರೆ, ಮಾವನ ಮನೆಯವರಿಗೂ ಸುದ್ದಿ ಹೋಗಿದೆ. ಈಗ ‘ಸುಮ್ನೆ ಹಾಕ್ಕಂಡಿದ್ದೆ’ ಅಂದರೆ ನಿಲುವಿಲ್ಲದವನು ಅನ್ನಿಸಿಕೊಳ್ಳಬೇಕು. ಅದಕ್ಕಿಂತ ಪಕ್ಷದ ಪರ ನಾಲ್ಕು ಮಾತಾಡುವುದೇ ಸುಲಭ ಅನ್ನಿಸುತ್ತದೆ. ಮಾತಾಡುತ್ತಾ ಹೋದ ಹಾಗೆ ನಂಬಿಕೆ ಗಟ್ಟಿಯಾಗುತ್ತದೆ. ನಿಮಗೆ ಮೋಸವಾಯಿತು ಎಂದು ಕೊರಗಬೇಡಿ. ಶಲ್ಯ ಹಾಕಿಕೊಳ್ಳುವ ಮುಂಚೆ ನಿಮಗಿದ್ದ ಅಭಿಪ್ರಾಯ ಏನು ಎಂದು ಒಂದು ಹಾಳೆಯಲ್ಲಿ ಬರೆದು ನೋಡಿ. ಆ ಹುಡುಗ ಬರೆದು ತಂದ. ಹಾಳೆಯಲ್ಲಿ ಎರಡೇ ಸಾಲಿದ್ದವು, ಎರಡೂ ಅವನ ಊರಿನ ಕುಡಿಯುವ ನೀರಿನ ಬಗ್ಗೆ.

ಅಭ್ಯರ್ಥಿ ಯಾರೋ ಗೊತ್ತೇ ಇಲ್ಲ, ಆದ್ರೂ ಆಟೋ ಹಿಂದೆ ಹೆಸರು ನೋಡಿ ನೋಡಿ ಪರಿಚಯದವರ ಥರ ಅನ್ಸುತ್ತೆ. ಯಾಕೆ?

ಪದೇ ಪದೇ ಕಂಡದ್ದು ಹಿತವೆನಿಸುತ್ತದೆ. ರಾಬರ್ಟ್ ಜಾಯೊಂಕ್ 1968ರಲ್ಲೇ ಇದನ್ನು ಅರ್ಥವಿಲ್ಲದ ಪದಗಳು, ಅಪರಿಚಿತ ಮುಖಗಳನ್ನು ಬಳಸಿ ತೋರಿಸಿದರು. ಸಿಂಡಿ ಕ್ಯಾಮ್ ಮತ್ತು ಎಲಿಜಬೆತ್ ಝೆಕ್‌ಮೈಸ್ಟರ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜಗತ್ತಿನಲ್ಲೇ ಇಲ್ಲದ ಅಭ್ಯರ್ಥಿಯೊಬ್ಬನ ಹೆಸರಿನ ಹಲಗೆಗಳನ್ನು ಶಾಲೆಯ ದಾರಿಯಲ್ಲಿ ನೆಟ್ಟಿದ್ದರು. ಆ ದಾರಿಯಲ್ಲಿ ಓಡಾಡಿದ ಪೋಷಕರಲ್ಲಿ ಅವನನ್ನು ಮೆಚ್ಚಿನ ಮೂವರಲ್ಲಿ ಸೇರಿಸಿದವರು ಸುಮಾರು 10 ಶೇಕಡಾ ಅಂಶದಷ್ಟು ಹೆಚ್ಚಿದ್ದರು.

ಇದು ಹೆಚ್ಚು ನಡೆಯುವುದು ನಮಗೆ ಬೇರೆ ಮಾಹಿತಿ ಇಲ್ಲದಾಗ. ಲೋಕಸಭೆಯ ಪ್ರಮುಖ ಅಭ್ಯರ್ಥಿಗಳ ವಿಷಯದಲ್ಲಿ ಕಡಿಮೆ, ವಾರ್ಡಿನ ಹೊಸ ಮುಖದ ವಿಷಯದಲ್ಲಿ ಜಾಸ್ತಿ. ಪಾಲಿಕೆ ಚುನಾವಣೆಯಲ್ಲಿ ಸ್ಟಿಕ್ಕರಿಗೆ ಬೇಡಿಕೆ ಏರುವುದನ್ನು ನಮ್ಮ ಅಂಗಡಿಯಲ್ಲೇ ನೋಡಿದ್ದೇನೆ.

ಬಸ್ಸಲ್ಲಿ ತುಂಬಿಸಿ ತಂದ ಜನ ಅಂತ ಎಲ್ಲರಿಗೂ ಗೊತ್ತು. ಆದ್ರೂ ಎಲ್ಲರ ಕೊರಳಿಗೂ ಒಂದೇ ಬಣ್ಣ ಯಾಕೆ ಹಾಕ್ತಾರೆ?

ಹೈಸ್ಕೂಲ್ ಮೈದಾನದಲ್ಲಿ ನೂರು ಜನ ನೂರು ಬಣ್ಣದ ಅಂಗಿಯಲ್ಲಿ ನಿಂತರೆ ಅದು ಸಂತೆ. ಅದೇ ನೂರು ಜನಕ್ಕೆ ಒಂದೇ ಶಲ್ಯ ಹಾಕಿದರೆ ಅದು ಬಲ. ಕ್ಯಾಮೆರಾಗೆ ಬಸ್ಸು ಕಾಣುವುದಿಲ್ಲ, ಬಣ್ಣ ಕಾಣುತ್ತದೆ.

1969ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಮತ್ತು ಜೊತೆಗಾರರು ನ್ಯೂಯಾರ್ಕಿನ ಬೀದಿಯಲ್ಲಿ ತಮ್ಮ ಕಡೆಯವರನ್ನೇ ನಿಲ್ಲಿಸಿ ಒಂದು ಕಿಟಕಿಯತ್ತ ತಲೆಯೆತ್ತಿ ನೋಡಲು ಹೇಳಿದರು. ಒಬ್ಬನೇ ನೋಡುತ್ತಿದ್ದಾಗ ದಾರಿಹೋಕರಲ್ಲಿ ನಿಂತವರು ಶೇ. 4, ಹದಿನೈದು ಜನ ನೋಡುತ್ತಿದ್ದಾಗ ಶೇ. 40. ಕಿಟಕಿಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ನಿಂತವರ ಕಣ್ಣಿಗೆ ಬಿದ್ದದ್ದು ಹದಿನೈದು ಜನ, ಅವರು ಯಾಕೆ ನಿಂತಿದ್ದಾರೆಂಬುದು ಅಲ್ಲ.

ಒಂದೇ ಮನೆ ಅಣ್ತಮ್ಮ ಎರಡು ಬಣ್ಣದ ಶಲ್ಯ ಹಾಕ್ಕಂಡು ಮಾತು ಬಿಟ್ಟಾರೆ. ಬರೀ ಬಣ್ಣಕ್ಕೆ ಇಷ್ಟಾ?

ಈ ಪ್ರಶ್ನೆ ಬಂದಿದ್ದು ಹರಿಹರದ ಕಡೆಯ ಒಬ್ಬ ತಾಯಿಯಿಂದ. ಇದಕ್ಕೆ ಉತ್ತರಿಸುವಾಗ ನನಗೆ ನೋವಾಗುತ್ತದೆ.

1970ರ ಸುಮಾರಿಗೆ ಹೆನ್ರಿ ತಾಜ್‌ಫೆಲ್ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಶಾಲಾ ಹುಡುಗರನ್ನು ಎರಡು ಗುಂಪು ಮಾಡಿದರು. ಕಾರಣ ತೀರ ಕ್ಷುಲ್ಲಕ: ಇಬ್ಬರು ಚಿತ್ರಕಾರರಲ್ಲಿ ಯಾರ ಚಿತ್ರ ನಿನಗಿಷ್ಟ ಎಂಬುದು. ಹುಡುಗರು ಒಬ್ಬರನ್ನೊಬ್ಬರು ನೋಡಲಿಲ್ಲ, ಮಾತಾಡಲಿಲ್ಲ. ಆದರೂ ಹಣ ಹಂಚಲು ಹೇಳಿದಾಗ ತಮ್ಮ ಗುಂಪಿನ ಪರ ವಾಲಿದರು. ಅಷ್ಟೇ ಅಲ್ಲ, ತಮ್ಮವರಿಗೆ ಸಿಗುವ ಮೊತ್ತ ಸ್ವಲ್ಪ ಕಡಿಮೆಯಾದರೂ ಸರಿ, ಆ ಕಡೆಯವರಿಗಿಂತ ಹೆಚ್ಚಿರಲಿ ಎಂದು ಆರಿಸಿಕೊಂಡರು.

ಚಿತ್ರ ಮೆಚ್ಚಿದ್ದಕ್ಕೇ ಹೀಗಾದರೆ, ಜಾತಿ, ಓಣಿ, ಹಳೆಯ ಹೊಲದ ಬದುವಿನ ಜಗಳ ಎಲ್ಲ ಸೇರಿ ಒಂದು ಬಣ್ಣವಾಗಿ ಕೊರಳಿಗೆ ಬಿದ್ದರೆ ಏನಾದೀತು? ಶಲ್ಯ ಹೊಸ ಜಗಳ ತರುವುದು ಅಪರೂಪ. ಮಸುಕಾಗಿದ್ದ ಗೆರೆಯನ್ನು ಎಲ್ಲರಿಗೂ ಕಾಣುವಂತೆ ಬರೆಯುತ್ತದೆ. ಆ ತಾಯಿಗೆ ನಾನು ಹೇಳಿದ್ದು ಇಷ್ಟೇ: ಮನೆಯ ಹೊಸ್ತಿಲೊಳಗೆ ಎರಡೂ ಶಲ್ಯ ಬರಬಾರದು ಅಂತ ನೀವೇ ಹೇಳಿ, ನಿಮ್ಮ ಮಾತನ್ನು ಇಬ್ಬರೂ ತೆಗೆದುಹಾಕುವುದಿಲ್ಲ.

ಕುಕ್ಕರ್ ತಗಂಡು ಬೇರೆಯವರಿಗೆ ವೋಟು ಹಾಕಿದ್ರೆ ಪಾಪ ಬರುತ್ತಾ?

ಹೆಚ್ಚಾಗಿ ಹೆಣ್ಣುಮಕ್ಕಳು ಕೇಳುತ್ತಾರೆ, ದನಿ ತಗ್ಗಿಸಿ ಕೇಳುತ್ತಾರೆ. ಅವರ ಸಂಕಟ ನಿಜವಾದದ್ದು.

ಉಂಡ ಮನೆಗೆ ಎರಡು ಬಗೆಯಬಾರದು ಎಂದು ಕೇಳಿಕೊಂಡೇ ಬೆಳೆದವರು ನಾವು. ಕೊಟ್ಟದ್ದಕ್ಕೆ ತಿರುಗಿ ಕೊಡಬೇಕೆಂಬ ಒತ್ತಡ ಎಲ್ಲ ನಾಡಿನ ಜನರಲ್ಲೂ ಇದೆ. 1971ರಲ್ಲಿ ಡೆನಿಸ್ ರೀಗನ್ ಮಾಡಿದ ಪ್ರಯೋಗದಲ್ಲಿ, ಕೇಳದೆಯೇ ಒಂದು ಕೋಕಾಕೋಲಾ ತಂದುಕೊಟ್ಟವನಿಂದ ಜನ ಸುಮಾರು ಎರಡು ಪಟ್ಟು ಲಾಟರಿ ಚೀಟಿ ಕೊಂಡರು. ಅವನು ಇಷ್ಟವಾದನೋ ಇಲ್ಲವೋ ಎಂಬುದು ಲೆಕ್ಕಕ್ಕೇ ಬರಲಿಲ್ಲ, ಋಣ ಕೆಲಸ ಮಾಡಿತು.

ನಮ್ಮ ಕಡೆ ಇದಕ್ಕೆ ಇನ್ನೂ ಹರಿತವಾದ ರೂಪವಿದೆ. ಸೀರೆಯನ್ನು ಸೀರೆಯಾಗಿ ಕೊಡುವುದಿಲ್ಲ. ಅರಿಶಿನ, ಕುಂಕುಮ, ಕುಬುಸದ ಕಣದ ಜೊತೆ ಉಡಿ ತುಂಬಿದಂತೆ ಕೊಡುತ್ತಾರೆ. ಉಡಿಗೆ ಬಂದದ್ದನ್ನು ಮುತ್ತೈದೆ ಹೇಗೆ ಬೇಡ ಅಂದಾಳು? ಕೆಲವು ಕಡೆ ದೇವರ ಫೋಟೊ ಮುಟ್ಟಿಸಿ ಆಣೆಯನ್ನೂ ಮಾಡಿಸಿಕೊಳ್ಳುತ್ತಾರೆ. ತವರಿನಿಂದ ಬರಬೇಕಾದ ಪ್ರೀತಿಯ ಆಚರಣೆಯನ್ನು ವ್ಯಾಪಾರಕ್ಕೆ ಇಳಿಸುವುದು ನನ್ನ ಕಣ್ಣಲ್ಲಿ ಕುಕ್ಕರಿಗಿಂತ ದೊಡ್ಡ ತಪ್ಪು.

ಪಾಪದ ಪ್ರಶ್ನೆಗೆ ನನ್ನ ಉತ್ತರ: ಋಣ ಹುಟ್ಟುವುದು ಕೊಟ್ಟವರು ತಮ್ಮದನ್ನು, ಮರಳಿ ಏನೂ ಬಯಸದೆ ಕೊಟ್ಟಾಗ. ಮತ ಕೊಳ್ಳಲು ಕೊಟ್ಟದ್ದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಕಲಮಿನ ಪ್ರಕಾರ ಭ್ರಷ್ಟ ಆಚರಣೆ. ತಪ್ಪಿನಿಂದ ಋಣ ಹುಟ್ಟುವುದಿಲ್ಲ. ತೆಗೆದುಕೊಳ್ಳದೇ ಇರುವುದು ಎಲ್ಲಕ್ಕಿಂತ ಒಳ್ಳೆಯದು, ತೆಗೆದುಕೊಳ್ಳುವುದೂ ಅಪರಾಧವೇ. ಆದರೆ ಹೆದರಿಕೆಯಿಂದಲೋ ಮುಲಾಜಿನಿಂದಲೋ ಬಂದದ್ದು ಮನೆಯಲ್ಲಿದ್ದರೆ, ಅದಕ್ಕಾಗಿ ನಿಮ್ಮ ಮತವನ್ನು ಒತ್ತೆ ಇಡಬೇಡಿ. ಮತಯಂತ್ರದ ಮುಂದೆ ನೀವೊಬ್ಬರೇ ಇರುತ್ತೀರಿ.

ಫಲಿತಾಂಶ ಬಂದ ಸಂಜೆ ಗೆದ್ದವರ ಶಲ್ಯ ಎಲ್ಲಿಂದ ಬರ್ತವೆ ಅಷ್ಟೊಂದು?

1976ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ರಾಬರ್ಟ್ ಚಾಲ್ಡಿನಿ ಮತ್ತು ಸಂಗಡಿಗರು ಅಮೆರಿಕದ ಏಳು ವಿಶ್ವವಿದ್ಯಾಲಯಗಳಲ್ಲಿ ಗಮನಿಸಿದ್ದು ಇದನ್ನೇ. ಶನಿವಾರ ತಮ್ಮ ಫುಟ್‌ಬಾಲ್ ತಂಡ ಗೆದ್ದಿದ್ದರೆ ಸೋಮವಾರ ಕಾಲೇಜಿನ ಹೆಸರಿರುವ ಅಂಗಿ ಹೆಚ್ಚು ಕಾಣುತ್ತಿತ್ತು. ಗೆದ್ದರೆ ‘ನಾವು ಗೆದ್ದೆವು’, ಸೋತರೆ ‘ಅವರು ಸೋತರು’. ಬೆಲ್ಜಿಯಂನ ಫ್ಲಾಂಡರ್ಸ್‌ನಲ್ಲಿ 1999ರ ಚುನಾವಣೆಯ ನಂತರವೂ ಗೆದ್ದ ಪಕ್ಷಗಳ ಭಿತ್ತಿಪತ್ರಗಳು ಮನೆಗಳ ಮುಂದೆ ಹೆಚ್ಚು ದಿನ ಉಳಿದವು.

ನಮ್ಮ ಅಂಗಡಿಗೆ ಎಣಿಕೆಯ ದಿನ ಮಧ್ಯಾಹ್ನ ಬರುವ ಆರ್ಡರೂ ಗೆದ್ದವರದೇ. ಸೋತವರ ಶಲ್ಯವನ್ನು ಆ ಸಂಜೆಯೂ ಹಾಕಿಕೊಂಡು ಮನೆಗೆ ನಡೆದು ಹೋಗುವವರನ್ನು ಕಂಡರೆ, ಯಾವ ಪಕ್ಷದವರೇ ಆಗಲಿ, ನನಗೆ ಗೌರವ.

ಕಾನೂನಿನ ಪ್ರಶ್ನೆಗಳು

ಏನು ಕೊಡಬಹುದು, ಏನು ಕೊಡಬಾರದು?

ಟೋಪಿ, ಶಲ್ಯ, ಮುಖವಾಡ ಕೊಡಬಹುದು, ಅಭ್ಯರ್ಥಿಯ ಖರ್ಚಿನ ಲೆಕ್ಕದಲ್ಲಿ ತೋರಿಸಬೇಕು. ಸೀರೆ, ಅಂಗಿಯಂಥ ಉಡುಪು ಹಂಚಿದರೆ ಚುನಾವಣಾ ಆಯೋಗ ಅದನ್ನು ಆಮಿಷವೆಂದು ನೋಡುತ್ತದೆ. ನಮ್ಮ ರಾಜ್ಯದಲ್ಲಿ 2022ರಿಂದ ಖರ್ಚಿನ ಮಿತಿ ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ ರೂಪಾಯಿ. ಕರಪತ್ರ, ಭಿತ್ತಿಪತ್ರದ ಮೇಲೆ ಮುದ್ರಕರು ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಮತದಾನದ ದಿನ ಮತಗಟ್ಟೆಯ 100 ಮೀಟರ್ ಒಳಗೆ ಪ್ರಚಾರ ಮಾಡುವಂತಿಲ್ಲ, ಶಲ್ಯ ತೆಗೆದಿಟ್ಟು ಬನ್ನಿ. ರಾಜ್ಯ ಸರ್ಕಾರ 2016ರಲ್ಲೇ ಪ್ಲಾಸ್ಟಿಕ್ ಬಾವುಟ, ಬಂಟಿಂಗ್ಸ್, ಫ್ಲೆಕ್ಸುಗಳನ್ನು ನಿಷೇಧಿಸಿದೆ.

ಮಕ್ಕಳ ತಲೆಗೂ ಟೋಪಿ ಹಾಕಿ ಕರ್ಕೊಂಡು ಹೋಗ್ತಾರಲ್ಲ?

ತಪ್ಪು. 2024ರ ಫೆಬ್ರುವರಿಯಲ್ಲಿ ಆಯೋಗ ಮಕ್ಕಳನ್ನು ಪ್ರಚಾರದ ಯಾವ ಕೆಲಸಕ್ಕೂ ಬಳಸಬಾರದೆಂದು ಸ್ಪಷ್ಟವಾಗಿ ಹೇಳಿದೆ. ‘ಬರೀ ಟೋಪಿ ತಾನೇ’ ಅನ್ನಬೇಡಿ. ಪುಟ್ಟ ಚೀಟಿಯ ಪ್ರಯೋಗ ದೊಡ್ಡವರ ಮೇಲೆಯೇ ಅಷ್ಟು ಕೆಲಸ ಮಾಡಿತ್ತು.

ಇನ್ನೂ ಆಳದ ಪ್ರಶ್ನೆಗಳು

ರೈತ ಸಂಘದ ಹಸಿರು ಶಾಲೂ ಬಟ್ಟೆನೇ, ಪಕ್ಷದ ಶಲ್ಯನೂ ಬಟ್ಟೆನೇ. ಹಂಗಾದ್ರೆ ವ್ಯತ್ಯಾಸ ಎಲ್ಲೈತೆ?

ವ್ಯತ್ಯಾಸ ಯಾರು ಕೊಂಡರು, ಹೊದ್ದಿದ್ದಕ್ಕೆ ಏನು ತೆತ್ತರು ಎಂಬುದರಲ್ಲಿದೆ.

ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿದ್ದು 1980ರಲ್ಲಿ, ನರಗುಂದ-ನವಲಗುಂದದ ರೈತ ಬಂಡಾಯದ ವರ್ಷವೇ. ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಎಂ.ಡಿ. ನಂಜುಂಡಸ್ವಾಮಿ ಕಟ್ಟಿದ ಆ ಸಂಘಟನೆಯ ಹಸಿರು ಶಾಲನ್ನು ರೈತ ತನ್ನ ಕಾಸಿನಲ್ಲಿ ಕೊಳ್ಳುತ್ತಿದ್ದ. ಅದನ್ನು ಹೊದ್ದು ಹೊರಟರೆ ಜಪ್ತಿಗೆ ಬಂದ ಅಧಿಕಾರಿಯ ಎದುರು ನಿಲ್ಲಬೇಕು, ಲಾಠಿ ತಿನ್ನಬೇಕು, ಜೈಲಿಗೂ ಹೋಗಬೇಕು. ನಷ್ಟಕ್ಕೆ ಸಿದ್ಧನಿರುವವನು ಮಾತ್ರ ಹೊರಬಲ್ಲ ಗುರುತನ್ನು ನೋಡಿದವರು ನಂಬುತ್ತಾರೆ, ಏಕೆಂದರೆ ಅದನ್ನು ಸುಳ್ಳಾಗಿ ಹೊರುವುದು ದುಬಾರಿ. ಗಾಂಧಿ ಟೋಪಿಗೆ ಮೊದಲ ದಿನಗಳಲ್ಲಿ ಇದ್ದದ್ದೂ ಇದೇ ಬಲ.

ಪುಕ್ಕಟೆ ಹಂಚಿದ ಶಲ್ಯಕ್ಕೆ ಆ ಬಲ ಇಲ್ಲ. ಅದಕ್ಕೇ ರಾಜಕಾರಣಿಗಳು ಬಲವಿರುವ ಬಟ್ಟೆಯನ್ನು ಎರವಲು ಪಡೆಯುತ್ತಾರೆ. 2018ರ ಮೇ 17ರಂದು ಬಿ.ಎಸ್. ಯಡಿಯೂರಪ್ಪ ಮುಖ್ಯಮಂತ್ರಿಯಾಗಿ ಪ್ರಮಾಣ ಮಾಡಿದ್ದು ಹಸಿರು ಶಾಲು ಹೊದ್ದು, ರೈತರ ಹೆಸರಿನಲ್ಲಿ. ಚಳ್ಳಕೆರೆ ಕಡೆಯ ವೇದಿಕೆಗಳಲ್ಲಿ ಎಲ್ಲ ಪಕ್ಷದ ನಾಯಕರೂ ಕಂಬಳಿ ಹೊದಿಸಿಕೊಳ್ಳುತ್ತಾರೆ. ಕುರಿ ಕಾದು, ಉಣ್ಣೆ ಕತ್ತರಿಸಿ, ನೇಯ್ದವರ ಶ್ರಮದ ಮರ್ಯಾದೆ ಒಂದು ಗಳಿಗೆ ಆ ಹೆಗಲಿಗೂ ಸಿಗುತ್ತದೆ. ಎರವಲು ತಂದದ್ದನ್ನು ಆಮೇಲೆ ಹೇಗೆ ನಡೆಸಿಕೊಂಡರು ಎಂದು ನೋಡಬೇಕಾದವರು ನಾವು: ಭದ್ರಾ ನಾಲೆಯ ಕೊನೆಯ ಹೊಲಕ್ಕೆ ನೀರು ಬಂತೇ, ಮೇಲ್ದಂಡೆ ಯೋಜನೆ ಎಲ್ಲಿಗೆ ಬಂತು?

ನಾಯಕನಹಟ್ಟಿ ಜಾತ್ರೇಲಿ ಮುಕ್ತಿ ಬಾವುಟ ಲಕ್ಷಗಟ್ಟಲೆಗೆ ಹರಾಜಾಗುತ್ತೆ. ಅದೂ ಇದೇ ಲೆಕ್ಕವಾ?

ಒಂದಂಶ ಅದೇ. ಚಿತ್ರದುರ್ಗ ಜಿಲ್ಲೆಯ ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿಯ ತೇರು ಹೊರಡುವ ಮುನ್ನ, ಸೇರಿದ ಜನಸಾಗರದ ಎದುರು ಕೂಗುವ ಬೆಲೆ ಅದು. ರಾಜಕಾರಣಿಗಳೂ ಕೂಗಿ ಪಡೆದದ್ದುಂಟು. ಎಲ್ಲರೆದುರು ಇಷ್ಟು ತೆತ್ತೆ ಎಂಬುದೇ ಮಾತಾಡುತ್ತದೆ. ಆದರೆ ಅಲ್ಲಿ ಹಣ ಹೋಗುವುದು ಬಾವುಟ ಪಡೆಯುವವನ ಜೇಬಿನಿಂದ. ಚುನಾವಣೆಯ ಬಾವುಟದಲ್ಲಿ ಹಿಡಿಯುವವನೊಬ್ಬ, ತೆರುವವನೊಬ್ಬ. ಭಕ್ತಿಯ ಅಂಶವನ್ನು ನಾನು ಪಾಠದ ಮಾತಿನಲ್ಲಿ ಅಳೆಯಲು ಹೋಗುವುದಿಲ್ಲ, ನಮ್ಮಮ್ಮ ಪ್ರತಿವರ್ಷ ಆ ತೇರಿಗೆ ಬಾಳೆಹಣ್ಣು ಎಸೆದು ಬರುವವಳು.

ಈಗ ಎಲ್ಲ ಮೊಬೈಲ್ ಸ್ಟೇಟಸ್‌ನಲ್ಲೇ ಐತಲ್ಲ. ಬೆರಳ ಶಾಯಿ ತೋರಿಸಿ ಸೆಲ್ಫಿ ಹಾಕೋದೂ ಒಂಥರ ಪ್ರಚಾರ ಸಾಮಗ್ರಿ ಅಲ್ವಾ?

ಹೌದು, ಬಹಳ ಒಳ್ಳೆಯ ಸಾಮಗ್ರಿ. 2010ರ ನವೆಂಬರ್ 2ರಂದು ಅಮೆರಿಕದಲ್ಲಿ ಚುನಾವಣೆ ನಡೆದಾಗ ಫೇಸ್‌ಬುಕ್ ಸುಮಾರು 6.1 ಕೋಟಿ ಜನರ ಮೇಲೆ ಒಂದು ಪ್ರಯೋಗ ಮಾಡಿತು. ‘ಇಂದು ಮತದಾನ’ ಎಂಬ ಬರೀ ಸಂದೇಶ ಹೆಚ್ಚೇನೂ ಕೆಲಸ ಮಾಡಲಿಲ್ಲ. ಅದರ ಜೊತೆ ‘ಮತ ಹಾಕಿದೆ’ ಎಂದ ಗೆಳೆಯರ ಮುಖಗಳನ್ನು ತೋರಿಸಿದಾಗ ಮತದಾನ ಸ್ವಲ್ಪ ಏರಿತು. ಅತಿ ಹತ್ತಿರದ ಗೆಳೆಯರ ಪ್ರಭಾವವೇ ಹೆಚ್ಚಿತ್ತು.

ನಮ್ಮ ಬೆರಳ ಶಾಯಿಗೆ ಈ ಬಲವೆಲ್ಲ ಇದೆ. ಎಲ್ಲರಿಗೂ ಕಾಣುತ್ತದೆ, ದಿನಗಟ್ಟಲೆ ಉಳಿಯುತ್ತದೆ, ಮತ ಹಾಕದೆ ಸಿಗುವುದಿಲ್ಲ. ಆದರೆ ಯಾರಿಗೆ ಹಾಕಿದಿರಿ ಎಂದು ಹೇಳುವುದಿಲ್ಲ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಶುರುವಾದ ಮೈಸೂರಿನ ಬಣ್ಣದ ಕಾರ್ಖಾನೆ 1962ರಿಂದ ಇದನ್ನು ಇಡೀ ದೇಶಕ್ಕೆ ಕಳಿಸುತ್ತಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ಹಿಡಿದರೆ ಉಜ್ಜಿದರೂ ಹೋಗದು.

2024ರ ಮೇ 7, ದಾವಣಗೆರೆಯಲ್ಲಿ ಮತದಾನ. ಅಪ್ಪ ಬೆಳಗ್ಗೆಯೇ ಹೋಗಿ ಬಂದರು. ಅವರ ಬೆರಳುಗಳಲ್ಲಿ ಮೂರು ಪಕ್ಷಗಳ ಬಣ್ಣ ವಾರದಿಂದ ಕೂತಿತ್ತು. ಸೀಮೆಎಣ್ಣೆ ಹಚ್ಚಿ ತಿಕ್ಕಿ ಒಂದೊಂದನ್ನೇ ತೆಗೆದರು. ಎಡಗೈ ತೋರುಬೆರಳಿನ ಗೆರೆಯೊಂದನ್ನು ಹಾಗೇ ಬಿಟ್ಟು, ಕೈ ಒರೆಸಿಕೊಂಡು ಊಟಕ್ಕೆ ಕೂತರು.